ಕೊಸರಿಗೆ ಎಟುಕುವ ತೋಳು

ದೊಡ್ಡಮ್ಮನ ಬಲಗೈ ಭುಜದಿಂದ ಮೇಲಕ್ಕೆ ಏಳುವುದು ನಿಂತು ಎರಡು ತಿಂಗಳಾಗಿತ್ತು. ಜಡೆ ಹಾಕಿಕೊಳ್ಳಲೂ ಆಗದೆ ದಿನಾ ಬೆಳಿಗ್ಗೆ ನನ್ನ ಮುಂದೆ ಬಾಚಣಿಗೆ ಹಿಡಿದು ಕೂರುತ್ತಿದ್ದರು. ಇನ್ನೊಂದು ಮಂಕರಿ ಗೊಬ್ಬರ ತಲೆಮೇಲೆತ್ತಿದರೆ ಕೈ ಪೂರ್ತಿ ಹೋಗುತ್ತದೆ ಎಂದು ಮಾಗಡಿಯ ಡಾಕ್ಟರು ಹೇಳಿದ್ದರು. ಆದರೆ ದೊಡ್ಡಮ್ಮನ ಕಸುಬೇ ಮಂಕರಿ ಎತ್ತುವುದು. ನಮ್ಮೂರು ಕಲ್ಯದಲ್ಲಿ ಅವರದೊಂದು ಗೊಬ್ಬರದ ಅಂಗಳವಿದೆ. ಸುತ್ತಲ ಕೊಟ್ಟಿಗೆಗಳ ಸಗಣಿ, ರೇಷ್ಮೆ ಹುಳುವಿನ ಮನೆಗಳ ಕಸ, ತೆಂಗಿನ ನಾರಿನ ಪುಡಿ ಎಲ್ಲ ಅಲ್ಲಿಗೆ ಬರುತ್ತದೆ. ಕೊಳೆತು ಕಪ್ಪಗಾಗಿ, ಟ್ರ್ಯಾಕ್ಟರ್ ಟ್ರೈಲರ್ ತುಂಬಿಕೊಂಡು ಹಿಪ್ಪುನೇರಳೆ ತೋಟಗಳಿಗೂ ಮಾವಿನ ತೋಟಗಳಿಗೂ ಹೋಗುತ್ತದೆ. ತುಂಬುವವರು ದೊಡ್ಡಮ್ಮ ಮತ್ತು ಅವರ ಜೊತೆಯ ಮೂರು ಹೆಂಗಸರು.

"ಶ್ರಾವಣುಕ್ಕೆ ಅಂಗ್ಳ ಮುಚ್ಚುಬುಡ್ತೀನಿ ಕಣವ್ವ," ಎಂದರು ಒಂದು ದಿನ, ನಾನು ಜಡೆ ಹೆಣೆಯುತ್ತಿದ್ದಾಗ. "ಕೂತ್ಕಂಡು ಇನ್ನೊಬ್ರ ಕೈಲಿ ಎತ್ಸೋದು ನನ್ಗಾಗಕಿಲ್ಲ."

ಅಳಲಿಲ್ಲ, ಗೋಳಾಡಲೂ ಇಲ್ಲ. ಅದಕ್ಕೇ ನನಗೆ ಭಯವಾಗಿದ್ದು.

ನಾನು ಓದಿದ್ದು ಬಿ.ಕಾಂ. ಆದರೆ ಯಂತ್ರಗಳ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ಕೆಲಸಕ್ಕೆ ಕೂರುವ ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಲೋಡರ್‌ಗಳ ವಿಡಿಯೋ ನೋಡುತ್ತೇನೆ, ಮ್ಯಾನ್ಯುಯಲ್‌ಗಳನ್ನು ಇಳಿಸಿಕೊಂಡು ಓದುತ್ತೇನೆ. ಹಾಗಾಗಿ ಅವತ್ತು ಬಾಯಿಂದ ತಟ್ಟನೆ ಬಂದುಬಿಟ್ಟಿತು: "ಮುಚ್ಚಬೇಡಿ ದೊಡ್ಡಮ್ಮ. ಸ್ಕಿಡ್ ಸ್ಟಿಯರ್ ತರೋಣ. ಯಾವುದು ಅಂತ ನಾನು ಆರಿಸಿಕೊಡ್ತೀನಿ."

"ಅದೇನದು, ತಿನ್ನೋದಾ?" ಎಂದರು ದೊಡ್ಡಮ್ಮ.

ದೊಡ್ಡ ಯಂತ್ರ ನಮ್ಮ ಅಂಗಳಕ್ಕೆ ಒಗ್ಗುವುದಿಲ್ಲ. ಗೊಬ್ಬರದ ಗುಂಡಿಗೂ ಶೀಟಿನ ಕೊಟ್ಟಿಗೆಗೂ ನಡುವೆ ಇರುವ ದಾರಿಯಲ್ಲಿ ಒಂದು ಎತ್ತಿನ ಗಾಡಿ ತಿರುಗುವುದೂ ಕಷ್ಟ. ಸ್ಕಿಡ್ ಸ್ಟಿಯರ್‌ಗೆ ತಿರುಗಲು ಜಾಗವೇ ಬೇಡ. ಅದರ ಚಕ್ರಗಳು ಕಾರಿನ ಚಕ್ರಗಳಂತೆ ಹೊರಳುವುದಿಲ್ಲ. ಎಡಗಡೆಯವು ಮುಂದಕ್ಕೆ, ಬಲಗಡೆಯವು ಹಿಂದಕ್ಕೆ ಉರುಳಿದರೆ ಇಡೀ ಯಂತ್ರ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಆಳೆತ್ತರದ ಗಿಡ್ಡ ಗಾಡಿ. ಎರಡು ಪಕ್ಕದಲ್ಲಿ ಎರಡು ತೋಳು, ಮುಂದೊಂದು ಬಕೆಟ್. ಅದಲ್ಲದೆ, ಓಡಿಸುವವರು ಕೈಯನ್ನು ಮೊಣಕಾಲಿನ ಪಕ್ಕದ ಎರಡು ಲಿವರ್‌ಗಳ ಮೇಲೆ ಇಟ್ಟಿದ್ದರೆ ಸಾಕು. ತೋಳು ಎತ್ತಿಳಿಸುವುದು, ಬಕೆಟ್ ಸುರಿಯುವುದು ಎರಡೂ ಕಾಲಿನ ಪೆಡಲ್‌ನಲ್ಲಿ. ಭುಜ ಎತ್ತುವ ಕೆಲಸ ಎಲ್ಲೂ ಇಲ್ಲ. ದೊಡ್ಡಮ್ಮನೇ ಓಡಿಸಬಹುದು ಎಂಬ ಯೋಚನೆ ನನ್ನ ತಲೆಯಲ್ಲಿ ಮೊದಲ ದಿನದಿಂದಲೇ ಇತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೇ.

ಆರಿಸುವಾಗ ಮುಖ್ಯವಾದ ಪ್ರಶ್ನೆ ತೋಳಿನದು. ತೋಳು ಮೇಲೇಳುವ ಬಗೆ ಎರಡು. ಒಂದು ರೇಡಿಯಲ್. ಹಿಂದುಗಡೆ ಒಂದೇ ಕೀಲಿನ ಮೇಲೆ ತೋಳು ತಿರುಗುತ್ತದೆ, ಬಾಗಿಲು ತಿರುಗಿದ ಹಾಗೆ. ಬಕೆಟ್ ಕಮಾನಿನಂತೆ ಮೇಲೆ ಹೋಗುತ್ತದೆ. ಇನ್ನೊಂದು ವರ್ಟಿಕಲ್. ಅದರಲ್ಲಿ ಹೆಚ್ಚುವರಿ ಕೊಂಡಿಗಳು ಸೇರಿ ಬಕೆಟ್ಟನ್ನು ಹೆಚ್ಚುಕಡಿಮೆ ನೆಟ್ಟಗೆ ಮೇಲೆತ್ತುತ್ತವೆ. ರೇಡಿಯಲ್‌ನಲ್ಲಿ ಕೀಲು ಕಡಿಮೆ, ಗ್ರೀಸ್ ಹೊಡೆಯುವ ಜಾಗ ಕಡಿಮೆ, ಕೆಡುವುದೂ ಕಡಿಮೆ, ನೆಲ ಕೆರೆಯಲು ಬಲು ಗಟ್ಟಿ. ವರ್ಟಿಕಲ್‌ನಲ್ಲಿ ಕೀಲುಗಳು ಹತ್ತಿರ ಹತ್ತಿರ ಎರಡರಷ್ಟು, ತೂಕವೂ ಜಾಸ್ತಿ.

ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಫ್ಯಾಕ್ಟರಿಗಳ ಅಂಗಳ ಗುಡಿಸುವ ಕಾಂಟ್ರಾಕ್ಟ್ ಹಿಡಿದಿದ್ದ ಒಬ್ಬರು ಎರಡು ಹಳೇ ಯಂತ್ರ ಮಾರುತ್ತಾರೆಂದು ಗೊತ್ತಾಯಿತು. ಅದೃಷ್ಟಕ್ಕೆ ಒಂದು ರೇಡಿಯಲ್, ಒಂದು ವರ್ಟಿಕಲ್. ದೊಡ್ಡಮ್ಮನ ತಮ್ಮ, ಅಂದರೆ ನನ್ನ ಮಾವ, ಜೊತೆಗೆ ಬಂದರು. ಗೊಬ್ಬರ ಸಾಗಿಸುವ ಟ್ರ್ಯಾಕ್ಟರ್, ಟ್ರೈಲರ್ ಎರಡೂ ಮಾವನದೇ. ಹೊರಡುವ ಮುಂಚೆ ಅವರ ಮನೆಯ ಮುಂದೆ ನಿಂತಿದ್ದ ಟ್ರೈಲರನ್ನು ಟೇಪು ಹಿಡಿದು ಅಳೆದುಕೊಂಡೆ. ನೆಲದಿಂದ ಪಕ್ಕದ ಹಲಗೆಯ ಅಂಚಿನ ತನಕ ಐದೂವರೆ ಅಡಿ. ನೋಟ್‌ಬುಕ್‌ನಲ್ಲಿ ಬರೆದು ಕೆಳಗೆ ಎರಡು ಗೀಟು ಎಳೆದೆ.

"ಹೆಣ್ ನೋಡಕ್ ಹೋಗೋರು ಟೇಪ್ ತಕಂಡ್ ಹೋಗೋದು ಇದೇ ಮೊದ್ಲು ನೋಡ್ತಿರೋದು," ಎಂದರು ಮಾವ.

ಕಾಂಟ್ರಾಕ್ಟರು ನಮ್ಮನ್ನು ನೋಡಿ ಮಾವನ ಹತ್ತಿರವೇ ಮಾತು ಶುರು ಮಾಡಿದರು. ನಾನು ಸೀದಾ ಯಂತ್ರದ ಪಕ್ಕ ಹೋಗಿ ಮಂಡಿಯೂರಿದೆ. ವಿಡಿಯೋಗಳಲ್ಲಿ ಕಲಿತದ್ದನ್ನೆಲ್ಲ ಸಾಲಾಗಿ ಮಾಡಿದೆ. ಬಕೆಟ್ಟನ್ನು ಸೊಂಟದ ಎತ್ತರಕ್ಕೆ ಎತ್ತಿ ಇಂಜಿನ್ ಆಫ್ ಮಾಡಿಸಿ, ಹತ್ತು ನಿಮಿಷ ಅದು ಎಷ್ಟು ಕುಸಿಯುತ್ತದೆಂದು ಸೀಮೆಸುಣ್ಣದ ಗುರುತಿಟ್ಟು ನೋಡಿದೆ. ಹೈಡ್ರಾಲಿಕ್ ಪೈಪುಗಳ ಕೆಳಗೆ ರಟ್ಟು ಹಿಡಿದು ಎಣ್ಣೆ ಸಿಡಿಯುತ್ತದೆಯೇ ಪರೀಕ್ಷಿಸಿದೆ. ಅಲ್ಲಿ ಕೈ ಇಡಬಾರದು. ಆ ಒತ್ತಡದ ಎಣ್ಣೆ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ. ಬಕೆಟ್ ನೆಲಕ್ಕಿಳಿಸಿ, ಕೀಲುಗಳಿಗೆ ಹಾರೆ ಕೊಟ್ಟು ಮೀಟಿದೆ. ಅಲ್ಲಿನ ಆಪರೇಟರ್ ಅಣ್ಣ ಮೊದಮೊದಲು ನಗುತ್ತಿದ್ದವರು ಆಮೇಲೆ ತಾವೇ ಹಾರೆ ಹಿಡಿದರು.

ರೇಡಿಯಲ್ ಬಿಗಿಯಾಗಿತ್ತು. ಗುರುತಿನಿಂದ ಬೆರಳಗಲವೂ ಇಳಿದಿರಲಿಲ್ಲ. ವರ್ಟಿಕಲ್‌ನ ಬಲಗಡೆ ಹಿಂದಿನ ಕೊಂಡಿಯಲ್ಲಿ ಹಾರೆ ಮೀಟಿದಾಗಲೆಲ್ಲ ಟಕ್ ಟಕ್ ಅನ್ನುತ್ತಿತ್ತು. ಒಳಗಿನ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ಲೋಹದ ಬಳೆ, ಸವೆದಿತ್ತು.

ರೇಡಿಯಲ್‌ನ ಬಕೆಟ್ ಪೂರ್ತಿ ಮೇಲೆ ಹೋಗಿ ಬಾಗಿದಾಗ ಅದರ ಬಾಯಿ ನೆಲದಿಂದ ಏಳೂವರೆ ಅಡಿ. ನಮ್ಮ ಟ್ರೈಲರ್ ಐದೂವರೆ. ಎರಡು ಅಡಿ ಮಿಗುತ್ತದೆ. "ರೇಡಿಯಲ್ಲೇ ಸಾಕು ಮಾವ," ಎಂದೆ. ಮಾವ ಮುಂಗಡ ಕೊಟ್ಟರು. ಕಾಂಟ್ರಾಕ್ಟರು ನಾಡಿದ್ದು ಮಂಗಳವಾರ ಕಳಿಸುತ್ತೇನೆ ಎಂದರು. ಫೋನಿನಲ್ಲಿ ದೊಡ್ಡಮ್ಮ, "ಮಂಗ್ಳಾರ ಮನೆಗೆ ಕಬ್ಣ ಬ್ಯಾಡ, ಬುಧ್ವಾರ ಬರ್ಲಿ," ಎಂದರು. ನನಗೆ ಒಳಗೊಳಗೇ ಸಿಟ್ಟು ಬಂತು. ಕಬ್ಬಿಣಕ್ಕೆ ವಾರ ಗೊತ್ತಾಗುತ್ತದೆಯೇ?

ಆ ಮಂಗಳವಾರ ಇಲ್ಲದಿದ್ದರೆ ನನ್ನ ಕಥೆ ಬೇರೆಯಾಗುತ್ತಿತ್ತು.

ಅವತ್ತು ಸುಮ್ಮನೆ ಕೂರಲಾಗದೆ, ಬರುವ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ದೊಡ್ಡಮ್ಮನಿಗೆ ತೋರಿಸಲು ಹೊರಟೆ. ಕೊಟ್ಟಿಗೆಯ ಸುಣ್ಣದ ಗೋಡೆಗೆ ಐದಡಿ ಎತ್ತರದಲ್ಲಿ ಒಂದು ಮೊಳೆ ಹೊಡೆದೆ. ಅದು ತೋಳಿನ ಕೀಲು. ಏಳಡಿ ಚಿಲ್ಲರೆ ಉದ್ದದ ಬಿದಿರಿನ ಗಳು ತಂದು, ಒಂದು ತುದಿಯನ್ನು ಮೊಳೆಗೆ ಹಗ್ಗದಿಂದ ಬಿಗಿದು, ಇನ್ನೊಂದು ತುದಿಗೆ ಇದ್ದಲು ಕಟ್ಟಿದೆ. ಗಳುವನ್ನು ನೆಲದಿಂದ ಮೇಲಕ್ಕೆ ತಿರುಗಿಸಿದರೆ ಗೋಡೆಯ ಮೇಲೆ ಬಕೆಟ್ ಹೋಗುವ ದಾರಿ ಬೀಳುತ್ತಿತ್ತು. ಕಪ್ಪಗೆ, ನಿಜದ ಅಳತೆಯಲ್ಲಿ, ದೊಡ್ಡ ಕಮಾನು.

ಅದೇ ಹೊತ್ತಿಗೆ ಮಾವನ ಟ್ರೈಲರ್ ಗೋಡೆಯ ಪಕ್ಕ ಬಂದು ನಿಂತಿತು. ರಾಮನಗರ ಕಡೆಯ ಹಿಪ್ಪುನೇರಳೆ ಬೆಳೆಗಾರರೊಬ್ಬರಿಗೆ ಲೋಡ್ ಹೋಗಬೇಕಿತ್ತು. ಹೆಂಗಸರು ಕೊಟ್ಟಿಗೆಯಿಂದ ನಾಲ್ಕು ಹೆಚ್ಚುವರಿ ಹಲಗೆ ಹೊತ್ತು ತಂದು ಟ್ರೈಲರಿನ ಅಂಚಿನ ಮೇಲೆ ಸಿಕ್ಕಿಸಿದರು. ಒಂದೂವರೆ ಅಡಿ ಎತ್ತರದ ಹಲಗೆಗಳು. ಇವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅಳೆಯುವಾಗ ಮಾವನ ಮನೆಯ ಮುಂದೆ ಬರೀ ಟ್ರೈಲರ್ ನಿಂತಿತ್ತು, ನಾನು ಬರೀ ಟ್ರೈಲರ್ ಅಳೆದಿದ್ದೆ.

ಆದರೂ ಏಳೇ ಅಡಿ, ಇನ್ನೂ ಅರ್ಧ ಅಡಿ ಮಿಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಟ್ರೈಲರ್ ಹಲಗೆಮಟ್ಟಕ್ಕೆ ತುಂಬಿತು. ಆಮೇಲೆ ಮೇಲೆ ನಿಂತು ತುಳಿಯುವ ಅಕ್ಕ (ಅವರನ್ನು ನಾವೆಲ್ಲ ಮೇಲಿನಕ್ಕ ಅಂತಲೇ ಕರೆಯುವುದು) ಕೈ ಚಾಚಿ, "ಈಗ ಕೊಸ್ರು ಕೊಡ್ರವ್ವ," ಎಂದರು.

ಕೊಸರು. ರಾಗಿ ಅಳೆದ ಮೇಲೆ ಒಂದು ಹಿಡಿ, ಹೂವು ಅಳೆದ ಮೇಲೆ ಒಂದು ಗೇಣು. ದೊಡ್ಡಮ್ಮನ ಅಂಗಳದಲ್ಲಿ ಲೋಡಿಗೆ ಕೊಸರೆಂದರೆ ಹದಿನೈದು ಇಪ್ಪತ್ತು ಮಂಕರಿ. ಟ್ರೈಲರಿನ ನಟ್ಟನಡುವೆ, ಉದ್ದಕ್ಕೂ, ಮನೆಯ ಮಾಡಿನ ಹಾಗೆ ಏರಬೇಕು. ಬೆಳೆಗಾರರು ದೂರದಿಂದಲೇ ಆ ಏರು ನೋಡಿ ಇದು ಕಲ್ಯದ ಗೊಬ್ಬರ ಅನ್ನುತ್ತಾರೆ.

ನಾನು ಗಳು ಹಿಡಿದುಕೊಂಡು ಗೋಡೆ ನೋಡಿದೆ. ಇದ್ದಲಿನ ಕಮಾನು ಎದೆಯ ಎತ್ತರದಲ್ಲಿ ಚೆನ್ನಾಗಿ ಮುಂದೆ ಚಾಚಿತ್ತು. ಅಲ್ಲಿಂದ ಮೇಲೆ ಹೋದಂತೆಲ್ಲ ಹಿಂದೆ ಬರುತ್ತಿತ್ತು. ತುತ್ತತುದಿಯಲ್ಲಿ ಹೆಚ್ಚುಕಡಿಮೆ ಎರಡು ಅಡಿ ಹಿಂದೆ. ಐದೂವರೆ ಅಡಿಯ ಟ್ರೈಲರಿಗೆ ಆ ತೋಳು ರಾಜ. ಹಲಗೆ ಮೇಲೆ ಕೊಸರಿನ ಎತ್ತರಕ್ಕೆ ಹೋದರೆ ಅದರ ಬಾಯಿ ಹತ್ತಿರದ ಹಲಗೆಯ ಮೇಲೇ ನಿಲ್ಲುತ್ತದೆ. ನಡುಮಧ್ಯಕ್ಕೆ ಮೂರು ಅಡಿ ಬೇಕು.

ಮೇಲಿನಕ್ಕ ಟ್ರೈಲರ್ ಮೇಲಿಂದಲೇ ಗೋಡೆಯ ಗೆರೆ ನೋಡಿದರು. "ಇದೇನವ್ವ, ಮ್ಯಾಕ್ಕೋಯ್ತಾ ಹೋಯ್ತಾ ಹಿಂದುಕ್ ಸರೀತದೆ? ಧಾರೆಲಿ ಗಂಡು ನಾಚ್ಕಂಡಂಗೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮುಂದಿನ ಒಂದು ಗಂಟೆ ನಾನು ನನ್ನ ತಪ್ಪನ್ನು ಹೇಗಾದರೂ ಸರಿ ಎನ್ನಿಸಲು ಹೋರಾಡಿದೆ. ಎರಡು ಕಡೆಯಿಂದಲೂ ಸುರಿದರೆ? ಆಚೆ ಕಡೆ ಕಳ್ಳಿಬೇಲಿ, ಅದರಾಚೆ ಬೇರೆಯವರ ಜಮೀನು. ಮಣ್ಣಿನ ದಿಬ್ಬ ಮಾಡಿ ಯಂತ್ರವನ್ನೇ ಎತ್ತರಕ್ಕೆ ಹತ್ತಿಸಿದರೆ? ತುಂಬಿದ ಬಕೆಟ್ ಮೇಲಿಟ್ಟುಕೊಂಡು ಇಳಿಜಾರಿನಲ್ಲಿ ಆಡಿಸುವುದು ಯಂತ್ರ ಮಗುಚುವುದಕ್ಕೆ ಒಳ್ಳೆಯ ದಾರಿ, ಅದೂ ದೊಡ್ಡಮ್ಮ ಒಳಗೆ ಕೂತಿರುವಾಗ. ಸುರಿದದ್ದನ್ನು ಬಕೆಟ್ಟಿನಿಂದಲೇ ಆಚೆಗೆ ತಳ್ಳಿದರೆ? ಹಲಗೆ ಮುರಿಯುತ್ತದೆ. ಕೊನೆಗೆ ಎಲ್ಲಕ್ಕಿಂತ ಸುಲಭದ ಉಪಾಯ ಹೊಳೆಯಿತು. ದೊಡ್ಡಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ದೊಡ್ಡಮ್ಮ, ಕೊಸರು ಇಷ್ಟೊಂದು ಹಾಕಲೇಬೇಕಾ?"

ಅವರು ಎಡಗೈಯಿಂದ ಸೆರಗು ಸರಿಮಾಡಿಕೊಂಡರು. "ಅಳ್ತೆ ಅವರ್ದು ಕಣವ್ವ, ಅದ್ಕವ್ರು ದುಡ್ ಕೊಡ್ತಾರೆ. ಕೊಸ್ರು ಒಂದೇಯ ನಂದು. ಅದ್ನೂ ಬುಟ್ರೆ ನಾನೇನ್ ಕೊಟ್ಟಂಗಾಯ್ತು?"

ಯಂತ್ರಕ್ಕೆ ತಕ್ಕ ಹಾಗೆ ಅಂಗಳವನ್ನು ಕತ್ತರಿಸಲು ಹೊರಟಿದ್ದೆ ನಾನು. ಎಲ್ಲರ ಎದುರಿಗೇ ಹೇಳಿದೆ: "ನಾನು ತಪ್ಪು ಅಳತೆ ತಗೊಂಡೆ. ಈ ಮಿಷನ್ ನಮಗಾಗಲ್ಲ. ಇನ್ನೊಂದನ್ನ ತರಬೇಕು."

ಮಾವ, "ಎಂಟ್ ತಿಂಗ್ಳಿಂದ ಫೋನ್ ನೋಡಿದ್ದೇ ನೋಡಿದ್ದು, ಕಣ್ಮುಂದಿರೋ ಹಲ್ಗೆ ಕಾಣ್ನಿಲ್ವಾ?" ಎಂದು ಶುರು ಮಾಡಿದರು.

"ಸುಮ್ಕಿರ್ಲಾ," ಎಂದರು ದೊಡ್ಡಮ್ಮ. "ಬಟ್ಟೆ ಕತ್ರುಸೋಕ್ ಮುಂಚೆ ತಾನೆ ಗೊತ್ತಾಗಿದ್ದು. ನಿನ್ ಮದ್ವೆ ಸೂಟು ನೆಪ್ಪೈತಾ?"

ಮಾವ ಟ್ರ್ಯಾಕ್ಟರ್ ಕಡೆ ತಿರುಗಿದರು. ಅಳತೆ ತಪ್ಪಿ ಕತ್ತರಿಸಿದ ಆ ಸೂಟಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಆಗ ಮೇಲಿನಕ್ಕ ಒಂದು ಮಾತು ಕೇಳಿದರು. ಅದನ್ನು ಅವರು ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದರು ಅನ್ನಿಸುತ್ತದೆ. "ಮಿಷಿನ್ ಯಾವ್ದಾರ ಬರ್ಲಿ ಅಕ್ಕ. ಬಂದ್ಮೇಲೆ ನಾವ್?"

"ತಗ್ದಾಕ್ತಿರೋದು ಮಂಕ್ರೀನ, ನಿಮ್ಮನ್ನಲ್ಲ," ಎಂದರು ದೊಡ್ಡಮ್ಮ. "ಗುಂಡಿ ತಿರ್ವಾಕೋರ್ ಯಾರು, ಜರ್ಡಿ ಆಡೋರ್ ಯಾರು? ನಾನೊಬ್ಳೇಯಾ?"

ಕಾಂಟ್ರಾಕ್ಟರಿಗೆ ಫೋನ್ ಮಾಡಿದೆ. "ಏನಮ್ಮ, ಸೀರೆ ಅಂಗಡಿ ಅಂದ್ಕೊಂಡ್ಯಾ ಬದಲಾಯಿಸೋಕೆ?" ಎಂದರು. ನಾನು ನನ್ನ ತಪ್ಪನ್ನೇ ಮೊದಲು ಹೇಳಿ, ಆಮೇಲೆ ಕೇಳಿಕೊಂಡೆ: ನಮ್ಮ ಟ್ರೈಲರನ್ನೇ ತರುತ್ತೇವೆ, ನಮ್ಮ ಗೊಬ್ಬರವನ್ನೇ ತರುತ್ತೇವೆ, ಎರಡೂ ಯಂತ್ರದಲ್ಲಿ ತುಂಬಿ ತೋರಿಸಿ, ಎರಡರಲ್ಲಿ ಒಂದನ್ನು ತೆಗೆದುಕೊಂಡೇ ಹೋಗುತ್ತೇವೆ. "ಗೊಬ್ಬರ ಗಬ್ಬು ಹೊಡೆಯುತ್ತಾ?" ಎಂದರು. "ಮಾಗಿದ್ದು ಸರ್, ಮಳೆ ಬಿದ್ದ ಮಣ್ಣಿನ ವಾಸನೆ," ಎಂದೆ. ಒಪ್ಪಿದರು.

ಬುಧವಾರ ಬೆಳಿಗ್ಗೆ ಟ್ರೈಲರ್ ತುಂಬ ಗೊಬ್ಬರ, ಅದರ ಮೇಲೆ ಆ ನಾಲ್ಕು ಹಲಗೆ ಹೇರಿಕೊಂಡು ಬಿಡದಿಗೆ ಹೊರಟೆವು. ದೊಡ್ಡಮ್ಮ ಹಟ ಹಿಡಿದು ಜೊತೆಗೆ ಬಂದರು. ಮೇಲಿನಕ್ಕನೂ ಬಂದರು. ಗೇಟಿನಲ್ಲಿ ಸೆಕ್ಯೂರಿಟಿಯವರು ತಡೆದರು.

"ಏನ್ ಲೋಡು?"

"ಗೊಬ್ರ," ಎಂದರು ಮಾವ.

"ಗೊಬ್ರ ಯಾವ ಕಂಪನಿಗೆ?"

"ಟೆಸ್ಟಿಂಗು," ಎಂದರು ಮಾವ ಬಲು ಗಂಭೀರವಾಗಿ. ಸೆಕ್ಯೂರಿಟಿಯವರು ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಂಡರು.

ಕಾಂಟ್ರಾಕ್ಟರ ಶೆಡ್ಡಿನ ಹಿಂದೆ ಗೊಬ್ಬರ ಕೆಳಗೆ ಸುರಿದೆವು. ಹಲಗೆ ಸಿಕ್ಕಿಸಿದೆವು. ಟ್ರೈಲರಿನ ಆಚೆ ಬದಿಯಲ್ಲಿ ನಾನು ಸುಣ್ಣದ ಗೆರೆ ಎಳೆದೆ. ಅದು ನಮ್ಮ ಕಳ್ಳಿಬೇಲಿ, ಅದನ್ನು ದಾಟುವ ಹಾಗಿಲ್ಲ. ಮೊದಲು ಆಪರೇಟರ್ ಅಣ್ಣ ರೇಡಿಯಲ್ ಹತ್ತಿದರು. ಹಲಗೆಯ ಕೆಳಗಿನ ಮಟ್ಟದವರೆಗೆ ಚಕಚಕ ತುಂಬಿತು, ನೋಡಲು ಸೊಗಸು. ಆಮೇಲೆ ಗೊಬ್ಬರ ನಮ್ಮ ಕಡೆಯ ಹಲಗೆಗೇ ಒರಗಿಕೊಂಡು ಏರತೊಡಗಿತು. ಆಚೆ ಬದಿ ಹಳ್ಳ. ಕೊನೆಯ ಎರಡು ಬಕೆಟ್ಟಿನಲ್ಲಿ ಅರ್ಧಕ್ಕರ್ಧ ಹಲಗೆಗೂ ಯಂತ್ರಕ್ಕೂ ನಡುವೆ ನೆಲಕ್ಕೆ ಬಿತ್ತು. ಅಣ್ಣ ಎಷ್ಟು ಮುಂದೆ ಬಂದರೂ ಮುಂದಿನ ಚಕ್ರ ಟ್ರೈಲರಿನ ಚಕ್ರಕ್ಕೆ ತಾಗುತ್ತಿತ್ತು, ಬಕೆಟ್ಟಿನ ಬಾಯಿ ಮಾತ್ರ ನಡುಮಧ್ಯಕ್ಕೆ ಬರಲಿಲ್ಲ. ಅಷ್ಟು ದಿನ ಓದಿದ್ದರಲ್ಲಿ 'ಪೂರ್ತಿ ಎತ್ತರದಲ್ಲಿ ಚಾಚು' ಎಂದು, ಬಕೆಟ್ ಎಷ್ಟು ಮುಂದೆ ಎಟುಕುತ್ತದೆಂದು ಹೇಳುವ ಒಂದು ಸಾಲು ಇತ್ತು. ಎತ್ತರದ ಸಾಲು ಸಿಕ್ಕಿತೆಂಬ ಖುಷಿಯಲ್ಲಿ ನಾನು ಅದನ್ನು ದಾಟಿ ಹೋಗಿದ್ದೆ.

ಎಲ್ಲ ಕೆಳಗೆ ಸುರಿದು ವರ್ಟಿಕಲ್ ತಂದರು. ಕೆಳಮಟ್ಟದಲ್ಲಿ ಅದು ಅಷ್ಟು ಚುರುಕಾಗಿರಲಿಲ್ಲ. ಮೊದಲ ಬಕೆಟ್‌ಗಳಿಗೆ ರೇಡಿಯಲ್ಲೇ ವಾಸಿ. ಆದರೆ ಮೇಲೆ ಹೋದಾಗ ತೋಳು ಹಿಂದೆ ಸರಿಯಲಿಲ್ಲ. ನೆಟ್ಟಗೆ ಏರಿತು, ಹಲಗೆಯ ಮೇಲೆ ಮುಂದಕ್ಕೇ ನಿಂತಿತು, ಬಾಗಿತು. ಗೊಬ್ಬರ ಟ್ರೈಲರಿನ ನಡುವೆ ಬಿತ್ತು. ಇನ್ನೊಂದು. ಮತ್ತೊಂದು. ಮಾಡಿನ ಹಾಗೆ ಏರು ಎದ್ದಿತು.

ಮೇಲಿನಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. "ಈ ಗಂಡ್ಗೆ ನಾಚ್ಕೆ ಇಲ್ಲ," ಎಂದರು.

ಇನ್ನು ಉಳಿದದ್ದು ಆ ಟಕ್ ಟಕ್. ಮತ್ತೆ ಹಾರೆ ಹಾಕಿ ಎಲ್ಲ ಕೀಲು ಮೀಟಿದೆ. ಒಂದೇ ಪಿನ್, ಒಂದೇ ಬುಷ್. ತೋಳಿಗೆ ಬಿರುಕಿಲ್ಲ, ಬೆಸುಗೆ ಹಾಕಿದ ಗುರುತಿಲ್ಲ. ಅದನ್ನು ಬದಲಾಯಿಸಿ ಕೊಟ್ಟರೆ ಸರಿ ಎಂದೆ. ಕಾಂಟ್ರಾಕ್ಟರು ಈ ಸಲ ಮಾವನ ಕಡೆ ನೋಡದೆ ನನ್ನ ಹತ್ತಿರವೇ ಮಾತಾಡಿದರು. ಲೇತಿನವರು ಹೊಸ ಬುಷ್ ಕೊರೆದು ಕೂರಿಸುವ ತನಕ ನಾನು ಅಲ್ಲೇ ನಿಂತಿದ್ದೆ. ಗ್ರೀಸ್ ಹೊಡೆಯಬೇಕಾದ ಜಾಗಗಳನ್ನೆಲ್ಲ ಎಣಿಸಿ, ಹಳದಿ ಬಣ್ಣದ ಚುಕ್ಕಿ ಇಟ್ಟೆ. ಜಾಸ್ತಿ ಕೀಲು ಎಂದು ಬೇಡವೆಂದಿದ್ದ ಯಂತ್ರ. ಈಗ ಆ ಕೀಲುಗಳನ್ನು ದಿನಾ ಬೆಳಿಗ್ಗೆ ಮಾತಾಡಿಸುವುದು ನನ್ನ ಕೆಲಸ. ದೊಡ್ಡಮ್ಮನ ಜಡೆ ಆದ ಮೇಲೆ ಅದರ ಸರದಿ.

ಓಡಿಸುವವರು ಯಾರು ಎಂಬ ಮಾತು ಬಂದಾಗ ಮಾವ ಎದೆ ಉಬ್ಬಿಸಿದರು. ದೊಡ್ಡಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಯಂತ್ರಕ್ಕೆ ಪಕ್ಕದಲ್ಲಿ ಬಾಗಿಲಿಲ್ಲ. ನೆಲಕ್ಕಿಳಿಸಿದ ಬಕೆಟ್ಟಿನ ಮೇಲೆ ಕಾಲಿಟ್ಟು ಮುಂದಿನಿಂದಲೇ ಒಳಗೆ ಹೋಗಬೇಕು. ಎಡಗೈಯಲ್ಲಿ ಕಂಬಿ ಹಿಡಿದು, ಹೊಸ್ತಿಲು ದಾಟಿದ ಹಾಗೆ ದಾಟಿ, ಮುಖ ಈಚೆಗೆ ತಿರುಗಿಸಿ ಕೂತರು. ತೊಡೆಯ ಮೇಲೆ ತಡೆಕಂಬಿ ಇಳಿಸಿಕೊಂಡರು. ಅದು ಇಳಿಯದೆ ತೋಳು ಅಲುಗುವುದಿಲ್ಲ. ಕೈ ಎರಡೂ ಮೊಣಕಾಲಿನ ಪಕ್ಕ ಬಂದವು.

"ಭುಜ ನೋಯುತ್ತಾ?" ಎಂದೆ.

"ಭುಜ ಎಲ್ಲೈತವ್ವ ಇದ್ರಲ್ಲಿ?" ಎಂದರು.

ಆಪರೇಟರ್ ಅಣ್ಣ ಎರಡು ದಿನ ಅಂಗಳಕ್ಕೆ ಬಂದು ಕಲಿಸಿದರು. ಮೊದಲ ದಿನ ದೊಡ್ಡಮ್ಮ ಕೊಟ್ಟಿಗೆಯ ಒಂದು ಕಂಬ ಬಾಗಿಸಿದರು. ಎರಡನೇ ದಿನ ಗೋಡೆಯ ಮೇಲಿನ ನನ್ನ ಇದ್ದಲಿನ ಕಮಾನನ್ನು ಬಕೆಟ್ಟಿನ ಅಂಚಿನಿಂದ ಕೆರೆದುಹಾಕಿದರು, ಬೇಕೆಂದೇ ಅಂತ ನನ್ನ ಅನುಮಾನ. ಮೂರನೇ ವಾರಕ್ಕೆ ಮೊದಲ ಪೂರ್ತಿ ಲೋಡು ಅವರೊಬ್ಬರೇ ತುಂಬಿದರು. ತೋಳು ಮೇಲಿರುವಾಗ ಟ್ರೈಲರಿನಲ್ಲಿ ಯಾರೂ ನಿಲ್ಲಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಮೇಲಿನಕ್ಕ ಬೇಲಿಯ ಹತ್ತಿರ ನೆಲದ ಮೇಲೆ ನಿಂತು ಕೈಸನ್ನೆ ಮಾಡುತ್ತಿದ್ದರು. ಹೆಸರು ಮಾತ್ರ ಬದಲಾಗಿಲ್ಲ.

ಬೆಳೆಗಾರರು ಅದೇ ರಾಮನಗರ ಕಡೆಯವರು. ಲೋಡಿನ ಸುತ್ತ ಒಂದು ಸುತ್ತು ಹಾಕಿ, ತಲೆಯೆತ್ತಿ ಏರು ನೋಡಿ, ಯಾವಾಗಲೂ ಹೇಳುವುದನ್ನೇ ಹೇಳಿದರು. "ಕೊಸ್ರು?"

"ಅದ್ಯಾನಪ್ಪ ಮ್ಯಾಲ್ ಕಾಣ್ತಿರೋದು, ಕಬ್ಬಾಳ್ ಬೆಟ್ವಾ?" ಎಂದರು ದೊಡ್ಡಮ್ಮ ಒಳಗಿಂದ.

"ಅದು ಮಿಷಿನ್ ಹಾಕಿದ್ದು ಕಣಕ್ಕ. ನೀನ್ ಹಾಕಿದ್ದೆಲ್ಲಿ?"

ದೊಡ್ಡಮ್ಮ ಬಕೆಟ್ ನೆಲಕ್ಕಿಳಿಸಿದರು. ಇಂಜಿನ್ ಆಫ್ ಮಾಡಿದರು. ತಡೆಕಂಬಿ ಎತ್ತಿ, ಬಕೆಟ್ ದಾಟಿ ಕೆಳಗೆ ಬಂದರು. ಎರಡು ಕೈ ಸೇರಿಸಿ ಒಂದು ಬೊಗಸೆ ಗೊಬ್ಬರ ತುಂಬಿಕೊಂಡು ಮೇಲಕ್ಕೆ ತೂರಿದರು. ಬಲಗೈ ಎದೆಯ ಮಟ್ಟಕ್ಕೇ ನಿಂತುಬಿಟ್ಟಿತು. ಗೊಬ್ಬರ ಹಲಗೆಗೆ ಬಡಿದು ಅವರ ಕಾಲಬುಡಕ್ಕೇ ಬಿತ್ತು.

ಬೇಲಿಯ ಕಡೆಯಿಂದ ಮೇಲಿನಕ್ಕನ ದನಿ ಬಂತು. "ನೀನು ರೇಡಿಯಲ್ಲು ಕಣಕ್ಕ. ಚಾಚು ಸಾಲ್ದು."

ದೊಡ್ಡಮ್ಮ ನಗುತ್ತ ನಗುತ್ತ ಬಕೆಟ್ಟಿನ ಅಂಚಿನ ಮೇಲೆ ಕೂತುಬಿಟ್ಟರು. ಕಣ್ಣೊರೆಸಿಕೊಂಡು, ಇನ್ನೊಂದು ಬೊಗಸೆ ತುಂಬಿ ನನ್ನ ಕೈಗೆ ಸುರಿದರು.

"ನೀನ್ ಹಾಕವ್ವ. ನೆಟ್ಟಗ್ ಹಾಕು."

ನಾನು ಎರಡು ಹೆಜ್ಜೆ ಹಿಂದೆ ಸರಿದು, ಹಲಗೆಯ ಎತ್ತರವನ್ನು ಕಣ್ಣಿನಲ್ಲೇ ಇನ್ನೊಮ್ಮೆ ಅಳೆದುಕೊಂಡು, ತೂರಿದೆ. ಏರಿನ ನೆತ್ತಿಯ ಮೇಲೆ ಬಿತ್ತು.